ಮುತ್ಯಾನ ಮುತ್ಯಾ ಯಾವ ವಹಿಯಲ್ಲಿದ್ದಾನೆ?

ಸೇಡಂ, ಚಿತ್ತಾಪುರ, ಚಿಂಚೋಳಿ, ಯಾವ ತಾಲ್ಲೂಕಿನ ನಾಡಕಚೇರಿಗೆ ಹೋದರೂ ವಂಶವೃಕ್ಷದ ಅರ್ಜಿ ತುಂಬುವವರ ಪೆನ್ನು ಒಂದೇ ಕಡೆ ನಿಲ್ಲುತ್ತದೆ. ಅಪ್ಪನ ಹೆಸರು ಗೊತ್ತು, ಮುತ್ಯಾನ ಹೆಸರೂ ಗೊತ್ತು. ಮುತ್ಯಾನ ಅಪ್ಪ ಯಾರು ಎಂದರೆ ಊರಿಗೆ ಫೋನು ಹೋಗುತ್ತದೆ. ಮನೆಯಲ್ಲಿದ್ದ ಆಯಿ ಸ್ವಲ್ಪ ಹೊತ್ತು ಯೋಚಿಸಿ, ‘ಸಿದ್ದಪ್ಪ ಇರಬೇಕಪಾ, ಇಲ್ಲಂದ್ರ ಮಲ್ಲಪ್ಪ’ ಅನ್ನುತ್ತಾಳೆ. ಆಯಿಯ ಅನುಮಾನಕ್ಕೆ ಕಾರಣವಿದೆ. ನಮ್ಮ ಕಡೆ ಮೊಮ್ಮಗನಿಗೆ ಮುತ್ಯಾನ ಹೆಸರಿಡುವುದು ರೂಢಿ. ಒಂದು ತಲೆಗೆ ಸಿದ್ದಪ್ಪ, ಮುಂದಿನ ತಲೆಗೆ ಮಲ್ಲಪ್ಪ, ಮತ್ತೆ ಸಿದ್ದಪ್ಪ. ಯಾವ ಸಿದ್ದಪ್ಪ ಯಾವ ಕಾಲದವನು ಎಂದು ಮನೆಯವರಿಗೇ ತಿಳಿಯದಂತಾಗುತ್ತದೆ.

ಪೌತಿ ಖಾತೆ ಆಗಬೇಕು, ಜಾತಿ ಪ್ರಮಾಣಪತ್ರ ಬೇಕು, 371(ಜೆ) ಅರ್ಹತಾ ಪತ್ರ ಬೇಕು. ಈ ಭಾಗದಲ್ಲಿ ಹಿರಿಯರನ್ನು ಹುಡುಕುವ ಕೆಲಸ ಶುರುವಾಗುವುದೇ ಇಂಥ ಕಾಗದದ ಗರಜಿನಿಂದ. ಗರಜು ತೀರಿದ ಮೇಲೂ ಕೆಲವರು ಹುಡುಕುತ್ತಲೇ ಇರುತ್ತಾರೆ. ನಾನು ಇಲ್ಲಿ ಬರೆಯುತ್ತಿರುವುದು ಅವರಿಗಾಗಿ: ಅರಸನಲ್ಲದ, ದೇಸಾಯಿಯಲ್ಲದ, ಪದವಿ ಬಿರುದುಗಳಿಲ್ಲದ ಒಬ್ಬ ಸಾಮಾನ್ಯ ಮನುಷ್ಯನ ಹೆಸರು ಈ ಸೀಮೆಯಲ್ಲಿ ಯಾವಾಗ, ಯಾವ ಕಾರಣಕ್ಕೆ ಕಾಗದಕ್ಕೆ ಇಳಿಯಿತು ಎಂಬ ಕಥೆ.

ಅರಸರಿಗೇನೂ ಇಲ್ಲಿ ಬರವಿಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಕಾಗಿಣಾ ದಂಡೆಯ ಆ ಕೋಟೆಯಿಂದ ಆಳಿದ ಅಮೋಘವರ್ಷ ನೃಪತುಂಗನ ಅಪ್ಪ ಮೂರನೇ ಗೋವಿಂದ, ಮುತ್ಯಾ ಧ್ರುವ, ಮುತ್ಯಾನ ಅಪ್ಪ ಮೊದಲನೇ ಕೃಷ್ಣ. ಸಾವಿರದ ಇನ್ನೂರು ವರ್ಷದ ಹಿಂದಿನ ಈ ಸಾಲು ತಾಮ್ರಪಟಗಳ ಮೇಲೆ ಕೊರೆದದ್ದರಿಂದ ಇವತ್ತಿಗೂ ತಪ್ಪಿಲ್ಲದೆ ಹೇಳಬಹುದು. ಅದೇ ಕೋಟೆಯ ಕಲ್ಲು ಹೊತ್ತವನ ಹೆಸರು ಕೇಳಬೇಡಿ.

ಹಾಗಂತ ಕಲ್ಲಿನ ಮೇಲೆ ದೊಡ್ಡವರೇ ತುಂಬಿಕೊಂಡಿದ್ದಾರೆ ಎಂದೂ ಅಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಹತ್ತಿರ, ಭೀಮಾ ದಂಡೆಯ ಕನಗನಹಳ್ಳಿಯಲ್ಲಿ, 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದು ತೆಗೆದ ಸ್ತೂಪ ಅಶೋಕನ ಶಿಲ್ಪದಿಂದ ಹೆಸರಾಯಿತು. ಆದರೆ ಅಲ್ಲಿನ ಚಪ್ಪಡಿಗಳ ಮೇಲೆ ಪ್ರಾಕೃತದಲ್ಲಿ ಕೊರೆದ ಸಣ್ಣ ಸಣ್ಣ ದಾನಶಾಸನಗಳೂ ಇವೆ. ಇದು ಇಂಥ ಗೃಹಸ್ಥನ ದಾನ, ಇದು ಇಂಥವನ ಮಗಳ ದಾನ, ಇಷ್ಟೇ ಅವುಗಳ ಮಾತು. ಸುಮಾರು ಎರಡು ಸಾವಿರ ವರ್ಷದ ಹಿಂದೆ ಭೀಮಾ ದಂಡೆಯಲ್ಲಿ ಬದುಕಿದ್ದ ಒಂದು ಮನೆಯ ಮಗಳು ಅಲ್ಲಿ ಹೆಸರಿನೊಂದಿಗೆ ಸಿಗುತ್ತಾಳೆ. 1900ರಲ್ಲಿ ಅದೇ ಸೀಮೆಯ ಹೊಲದಲ್ಲಿ ಜೋಳ ಕೊಯ್ಯುತ್ತಿದ್ದ ನಮ್ಮ ಮುತ್ಯಾನ ಅವ್ವ ಸಿಗುವುದಿಲ್ಲ. ಕಾಲ ಹತ್ತಿರವಿದ್ದ ಮಾತ್ರಕ್ಕೆ ದಾಖಲೆ ಹತ್ತಿರವಿರುತ್ತದೆ ಎಂಬ ನಂಬಿಕೆಯನ್ನು ಹುಡುಕುವವರು ಮೊದಲೇ ಬಿಡುವುದು ಒಳ್ಳೆಯದು.

ಈಗ ನಿಜಾಮನ ಕಾಲಕ್ಕೆ ಬರೋಣ. ನಮ್ಮ ಮಟ್ಟಿಗೆ ಹುಡುಕಾಟ ನಿಜವಾಗಿ ಶುರುವಾಗುವುದು ದಿವಾನ ಮೊದಲನೇ ಸಾಲಾರ್ ಜಂಗನಿಂದ. 1865ರಲ್ಲಿ ಅವನು ಜಿಲ್ಲಾಬಂದಿ ಮಾಡಿದ. ಅಲ್ಲಿಯವರೆಗೆ ಕಂದಾಯ ಎತ್ತುವ ಕೆಲಸ ಗುತ್ತೇದಾರರ ಕೈಯಲ್ಲಿತ್ತು. ಊರಿಗೆ ಇಷ್ಟು ಎಂದು ಹಣ ಕಟ್ಟಿದರೆ ಮುಗಿಯಿತು, ಊರೊಳಗೆ ಯಾರು ಎಷ್ಟು ಕೊಟ್ಟರು ಎಂಬುದು ಸರ್ಕಾರಕ್ಕೆ ಬೇಕಿರಲಿಲ್ಲ. ಜಿಲ್ಲೆ, ತಾಲ್ಲೂಕು, ತಹಸೀಲ್ದಾರ ಎಂಬ ಏರ್ಪಾಟು ಬಂದ ಮೇಲೆ, 1870ರ ದಶಕದಲ್ಲಿ ಮುಂಬೈ ಪ್ರಾಂತದ ಮಾದರಿಯಲ್ಲಿ ಸರ್ವೆ ಶುರುವಾಯಿತು. ಸರಪಳಿ ಹಿಡಿದು ಹೊಲ ಅಳೆದರು, ಪ್ರತಿ ಹೊಲಕ್ಕೂ ನಂಬರು ಕೊಟ್ಟರು, ನಂಬರಿನ ಮುಂದೆ ಒಬ್ಬ ಪಟ್ಟಾದಾರನ ಹೆಸರು ಬರೆದರು. ಈ ಬಂದೋಬಸ್ತಿನ ಕೊನೆಗೆ ತಯಾರಾದ ವಹಿಯೇ ಸೇತ್ವಾರ್. ಹೊಲವಿದ್ದ ಮನೆತನದವರಿಗೆ ಲಿಖಿತ ರೂಪದಲ್ಲಿ ಸಿಗುವ ಮೊದಲ ಹಿರಿಯ ಸಾಮಾನ್ಯವಾಗಿ ಇಲ್ಲಿಯೇ ಸಿಗುತ್ತಾನೆ.

ಸಿಗುತ್ತಾನೆ ಎಂದೆ, ಆದರೆ ಊರು ಯಾರದಾಗಿತ್ತು ಎಂಬುದರ ಮೇಲೆ ಅದು ನಿಂತಿದೆ. ಹೈದರಾಬಾದ್ ಸಂಸ್ಥಾನದ ಸುಮಾರು ಶೇ 40ರಷ್ಟು ನೆಲ ದಿವಾನಿ ಸರ್ಕಾರದ ನೇರ ಆಡಳಿತದಲ್ಲಿ ಇರಲೇ ಇಲ್ಲ. ನಿಜಾಮನ ಖಾಸಗಿ ಸರ್ಫೇಖಾಸ್ ಊರುಗಳು, ಪಾಯಿಗಾ ಅಮೀರರ ಊರುಗಳು, ಸಣ್ಣಪುಟ್ಟ ಜಾಗೀರುಗಳು ಕಲಬುರಗಿ ಜಿಲ್ಲೆಯ ತುಂಬ ಚದುರಿದ್ದವು. ಒಂದು ಹಳ್ಳಿ ದಿವಾನಿ, ಹೊಳೆ ದಾಟಿದರೆ ಆಚೆಯದು ಪಾಯಿಗಾ. ಜಾಗೀರು ಊರಿನ ಲೆಕ್ಕ ಜಾಗೀರುದಾರನ ಕಚೇರಿಯಲ್ಲಿ. 1949ರ ಆಗಸ್ಟ್ 15ರಂದು ಜಾಗೀರು ರದ್ದಾದಾಗ ಆ ಲೆಕ್ಕಗಳು ಸರ್ಕಾರದ ವಶಕ್ಕೆ ಬರಬೇಕಾಗಿತ್ತು. ಎಲ್ಲ ಕಡೆಯೂ ಪೂರ್ತಿ ಬರಲಿಲ್ಲ. ಅದಕ್ಕೇ ಅಕ್ಕಪಕ್ಕದ ಎರಡು ಊರಿನ ಬೀಗರಲ್ಲಿ ಒಬ್ಬರ ವಂಶ 1880ರ ದಶಕದವರೆಗೆ ಹೋಗುತ್ತದೆ, ಇನ್ನೊಬ್ಬರದು 1950ಕ್ಕೆ ನಿಂತುಬಿಡುತ್ತದೆ.

ಊರ ಮಟ್ಟದಲ್ಲಿ ಕಾಗದ ಇದ್ದದ್ದು ಮೂವರ ಕೈಯಲ್ಲಿ: ಮಾಲಿ ಪಾಟೀಲ, ಪೊಲೀಸ್ ಪಾಟೀಲ, ಪಟ್ವಾರಿ. ಮೊದಲೆರಡು ಇವತ್ತು ನಮ್ಮ ಊರುಗಳಲ್ಲಿ ಅಡ್ಡಹೆಸರುಗಳಾಗಿ ಉಳಿದಿವೆ. ಪಟ್ವಾರಿ ಅಂದರೆ ಕುಲಕರ್ಣಿ. ವತನದ ಕೆಲಸ, ಅಪ್ಪನಿಂದ ಮಗನಿಗೆ. ಹೀಗಾಗಿ ದಫ್ತರವೂ ಮನೆಯಲ್ಲಿಯೇ ಇರುತ್ತಿತ್ತು, ಕೆಂಪು ಬಟ್ಟೆಯ ಬಸ್ತೆಯಲ್ಲಿ, ಅಟ್ಟದ ಮೇಲೆ. ಕರ್ನಾಟಕದಲ್ಲಿ ಗ್ರಾಮಾಧಿಕಾರಿಗಳ ವತನ ರದ್ದು ಮಾಡುವ ಕಾನೂನು 1961ರಲ್ಲಿ ಆಯಿತು. ಬಸ್ತೆಗಳು ತಹಸೀಲಿಗೆ ಹೋದವು, ಕೆಲವು ಅಟ್ಟದಲ್ಲೇ ಉಳಿದವು, ಗೆದ್ದಲು ಹಿಡಿದವು. 1947–48ರ ಗದ್ದಲದಲ್ಲಿ ಸುಟ್ಟುಹೋದದ್ದೂ ಉಂಟು. ರಜಾಕಾರರ ಹಾವಳಿಗೆ ಊರು ಬಿಟ್ಟು ಸೊಲ್ಲಾಪುರ, ವಿಜಾಪುರ ಕಡೆಯ ಗಡಿ ಶಿಬಿರಗಳಿಗೆ ಓಡಿದವರು ತಾಮ್ರದ ಕೊಡ ಒಯ್ದರೇ ಹೊರತು ಕಾಗದ ಒಯ್ಯಲಿಲ್ಲ.

ಒಂದು ಹಳೆಯ ಪಹಣಿ ಹಾಳೆಯನ್ನು ಹತ್ತಿರದಿಂದ ನೋಡೋಣ. ಈ ಭಾಗದ ಜಮೀನಿನ ವ್ಯಾಜ್ಯಗಳಲ್ಲಿ ಇವತ್ತಿಗೂ ವಕೀಲರು ಮೊದಲು ಕೇಳುವುದು 1954–55ರ ಖಾಸ್ರಾ ಪಹಣಿಯನ್ನು. ಹೈದರಾಬಾದ್ ರಾಜ್ಯ ಇನ್ನೂ ಇದ್ದಾಗಿನ ದಾಖಲೆ ಅದು, ಬರವಣಿಗೆ ಉರ್ದು. ದೊಡ್ಡ ಹಾಳೆ, ಬಲದಿಂದ ಎಡಕ್ಕೆ ಓದಬೇಕು. ಸರ್ವೆ ನಂಬರು, ಎಕರೆ–ಗುಂಟೆ, ನೆಲ ಖುಷ್ಕಿಯೋ ತರಿಯೋ, ದಸ್ತು ಎಷ್ಟು. ಆಮೇಲೆ ಪಟ್ಟಾದಾರನ ಹೆಸರು, ಅದರ ಮುಂದೆ ‘ವಲ್ದ್’ ಎಂದು ಅಪ್ಪನ ಹೆಸರು. ಅದರಾಚೆ ಕಾಬಿಜ್, ಅಂದರೆ ನಿಜವಾಗಿ ಹೊಲ ಹಿಡಿದು ಉಳುತ್ತಿದ್ದವನು. ನನಗೆ ಯಾವಾಗಲೂ ಕುತೂಹಲ ಹುಟ್ಟಿಸುವುದು ಈ ಕೊನೆಯ ಕಲಮು. ಪಟ್ಟಾ ಒಬ್ಬನದು, ಕಬ್ಜಾ ಇನ್ನೊಬ್ಬನದು ಇದ್ದಲ್ಲಿ ಒಂದು ಕಥೆ ಇರುತ್ತದೆ: ಸಾಲಕ್ಕೆ ಒತ್ತೆ ಹೋಗಿರಬಹುದು, ಅಳಿಯ ಮನೆಗೆ ಬಂದಿರಬಹುದು, ಅಣ್ಣ ಸತ್ತು ತಮ್ಮ ಉಳುತ್ತಿರಬಹುದು. ಯಾವುದು ಎಂಬುದನ್ನು ಹಾಳೆ ಹೇಳುವುದಿಲ್ಲ, ಮುಂದೆ ಎಲ್ಲಿ ನೋಡಬೇಕು ಎಂಬುದನ್ನು ಹೇಳುತ್ತದೆ. ಪಟ್ಟಾದಾರ ಸತ್ತಾಗ ನಡೆಯುತ್ತಿದ್ದ ವಿರಾಸತ್ತಿನ ಫೈಲಿನಲ್ಲಿ ವಾರಸುದಾರರ ಹೇಳಿಕೆ ಇರುತ್ತದೆ. ಅಲ್ಲಿ ಅಣ್ಣ, ತಮ್ಮ, ದತ್ತಕ ಮಗ, ಎರಡನೇ ಹೆಂಡತಿಯ ಮಕ್ಕಳು ಎಲ್ಲರೂ ಒಟ್ಟಿಗೆ ಎದ್ದು ಬರುತ್ತಾರೆ. ಇನಾಮು ಹೊಲವಾಗಿದ್ದರೆ ಇನ್ನೂ ಅದೃಷ್ಟ. ಗುಡಿಯ ಪೂಜಾರಿ, ಮಠದ ಅಯ್ಯ, ದರ್ಗಾದ ಮುಜಾವರ, ಇಂಥವರ ಇನಾಮು ವಿಚಾರಣೆಯಾದಾಗ ಕೊಟ್ಟ ಮುಂತಖಾಬಿನ ಹಿಂದೆ ನಾಲ್ಕೈದು ತಲೆಮಾರಿನ ಶಜರಾ, ಅಂದರೆ ವಂಶವೃಕ್ಷ, ಇರುವುದುಂಟು.

ಓದುವ ಕಷ್ಟ ಬೇರೆಯೇ ಇದೆ. 1884ರ ಸುಮಾರಿಗೆ ಸಂಸ್ಥಾನದ ಆಡಳಿತ ಫಾರ್ಸಿಯಿಂದ ಉರ್ದುವಿಗೆ ಬಂತು. ಅದಕ್ಕಿಂತ ಹಿಂದಿನ ಕಾಗದ ಫಾರ್ಸಿ, ಕುಲಕರ್ಣಿಯ ಸ್ವಂತ ಲೆಕ್ಕ ಹಲವೆಡೆ ಮೋಡಿ ಲಿಪಿ. ಉರ್ದುವಿನಲ್ಲಿ ನಮ್ಮ ‘ಳ’ಕಾರ, ‘ಣ’ಕಾರಗಳಿಗೆ ಅಕ್ಷರವಿಲ್ಲ. ಅವಸರದ ಶಿಕಸ್ತಾ ಬರವಣಿಗೆಯಲ್ಲಿ ಗುಮಾಸ್ತ ಚುಕ್ಕೆ ಬಿಟ್ಟನೆಂದರೆ ಒಂದು ಹೆಸರು ಇನ್ನೊಂದಾಗುತ್ತದೆ. ಕಾಳಪ್ಪನನ್ನು ಹುಡುಕುವವರು ಕಾಲಪ್ಪನನ್ನೂ ನೋಡಿಬಿಡಬೇಕು. ಹುಸೇನಪ್ಪ, ಮೌಲಪ್ಪ, ಫಕೀರಪ್ಪ ಎಂಬ ಹೆಸರು ಕಂಡು ಧರ್ಮ ತೀರ್ಮಾನಿಸಲೂ ಹೋಗಬಾರದು. ದರ್ಗಾಕ್ಕೆ ಹರಕೆ ಹೊತ್ತು ಹುಟ್ಟಿದ ಹಿಂದೂ ಮಕ್ಕಳಿಗೆ ಆ ಹೆಸರಿಡುವುದು ಕಲಬುರಗಿ ಸೀಮೆಯಲ್ಲಿ ಸಾಮಾನ್ಯ ಸಂಗತಿ. ವರ್ಷದ ಲೆಕ್ಕ ಫಸ್ಲಿ. ಅಕ್ಟೋಬರ್ ಮೊದಲ ವಾರ ಆಜೂರ್ ತಿಂಗಳಿನಿಂದ ಅದರ ವರ್ಷ ಶುರು. ಹಾಗಾಗಿ ಇಸವಿ ಸಿಗಬೇಕೆಂದರೆ ಡಿಸೆಂಬರ್ ಮುಗಿಯುವವರೆಗೆ 590, ಆಮೇಲೆ 591 ಕೂಡಿಸಬೇಕು. ಭೂ ಕಂದಾಯ ಕಾನೂನು ಬಂದ 1317 ಫಸ್ಲಿ ಅಂದರೆ 1907–08. ಮುತ್ಯಾ ‘ಸಾವಿರದ ಮುನ್ನೂರ ಇಪ್ಪತ್ತೆಂಟರಾಗ’ ಹುಟ್ಟಿದ ಎಂದು ಯಾರಾದರೂ ಹೇಳಿದರೆ ನಗಬೇಡಿ, ಅದು 1918–19. ಆ ಇಸವಿಯ ಸುತ್ತ ಹುಟ್ಟಿ ಬದುಕಿ ಉಳಿದನೆಂದರೆ ಸಣ್ಣ ಮಾತಲ್ಲ. ಇನ್‌ಫ್ಲುಯೆಂಜಾ ಬಂದು ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತದ್ದು ಅದೇ 1918ರಲ್ಲಿ. 1911ರಲ್ಲಿ 1 ಕೋಟಿ 34 ಲಕ್ಷದಷ್ಟಿದ್ದ ಹೈದರಾಬಾದ್ ಸಂಸ್ಥಾನದ ಜನಸಂಖ್ಯೆ 1921ಕ್ಕೆ 1 ಕೋಟಿ 25 ಲಕ್ಷಕ್ಕೆ ಇಳಿಯಿತು.

ಜನಗಣತಿಯ ಮಾತು ಬಂದದ್ದರಿಂದ ಒಂದು ಆಸೆಯನ್ನು ಇಲ್ಲೇ ಮುರಿಯಬೇಕು. ಇಂಗ್ಲೆಂಡಿನಲ್ಲಿ 1538ರಿಂದ ಚರ್ಚುಗಳು ಹುಟ್ಟು, ಮದುವೆ, ಸಾವು ಬರೆದಿಟ್ಟಿವೆ. ಹಳೆಯ ಜನಗಣತಿಯ ಮನೆಮನೆಯ ಹಾಳೆಗಳೂ ಅಲ್ಲಿ ತೆರೆದಿವೆ, ಹೆಸರು ಹಿಡಿದು ಹಿಂದೆ ಹೋಗಬಹುದು. ನಮ್ಮಲ್ಲಿ ಸಂಸ್ಥಾನದ ಮೊದಲ ಗಣತಿ 1881ರಲ್ಲಿ ಆಯಿತು, 98 ಲಕ್ಷ ಜನರ ಲೆಕ್ಕ ಸಿಕ್ಕಿತು. ಎಣಿಸುವವನು ನಮ್ಮ ಮುತ್ಯಾನ ಮುತ್ಯಾನ ಮನೆ ಬಾಗಿಲಿಗೂ ಬಂದಿರುತ್ತಾನೆ. ಆದರೆ ಉಳಿದು ಬಂದದ್ದು ಜಾತಿ, ಕಸುಬು, ಭಾಷೆಗಳ ಕೋಷ್ಟಕ ಮಾತ್ರ, ಹೆಸರುಗಳಲ್ಲ. ಸ್ವತಂತ್ರ ಭಾರತದ 1948ರ ಕಾನೂನು ಮನೆಹಾಳೆಗಳನ್ನು ಗೌಪ್ಯ ಮಾಡಿತು.

ಇಲ್ಲಿಯವರೆಗೆ ಬಂದವರೆಲ್ಲ ಹೊಲವಿದ್ದವರು. ಹೊಲವಿಲ್ಲದವನು? ಅವನನ್ನು ಮೊದಲು ಊರಿನಿಂದ ಎತ್ತಿ ಕಾಗದದ ಹತ್ತಿರ ತಂದದ್ದು ರೈಲು. ಮುಂಬೈ ಕಡೆಯಿಂದ ರಾಯಚೂರಿಗೆ ಹೋಗುವ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಹಳಿ 1871ರಲ್ಲಿ ಶಹಾಬಾದ್, ವಾಡಿ ದಾಟಿತು. ವಾಡಿಯಿಂದ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರಿನ ಮೂಲಕ ಸಿಕಂದರಾಬಾದಿಗೆ ನಿಜಾಮರ ರೈಲು 1874ರ ಅಕ್ಟೋಬರಿನಲ್ಲಿ ಓಡಿತು. ಎರಡೇ ವರ್ಷಕ್ಕೆ 1876–78ರ ದೊಡ್ಡ ಬರ, ಊರು ಬಿಟ್ಟವರು ಕೂಲಿಗೆ ಹಳಿಯ ಕಡೆ ಬಂದರು. ಹಳಿಗೆ ಮಣ್ಣು ಹೊತ್ತವರ ಲೆಕ್ಕ ಗುತ್ತೇದಾರನ ಹಾಜರಿ ಪಟ್ಟಿಯಲ್ಲಿತ್ತು, ಪಗಾರ ಬಟವಾಡೆ ಆದಮೇಲೆ ಆ ಪಟ್ಟಿಗೆ ಬೆಲೆ ಇರಲಿಲ್ಲ. ಹಳಿ ಕಾಯುವ ಗ್ಯಾಂಗ್‌ಮನ್, ಪಾಯಿಂಟ್ಸ್‌ಮನ್ ಆಗಿ ಕಾಯಂ ಆದವನ ಹೆಸರು ಮಾತ್ರ ಸರ್ವಿಸ್ ಪುಸ್ತಕಕ್ಕೆ ಏರಿತು. ಅಲ್ಲಿ ಅಪ್ಪನ ಹೆಸರು, ಊರು, ಮೈಮೇಲಿನ ಗುರುತು, ಹೆಬ್ಬೆಟ್ಟು ಇರುತ್ತದೆ. ವಯಸ್ಸು ಮಾತ್ರ ನಂಬುವಂತಿಲ್ಲ, ಸಾಹೇಬ ಮುಖ ನೋಡಿ ಹಾಕಿದ್ದು. ವಾಡಿ ಎಂಬ ಊರು ಬೆಳೆದದ್ದೇ ಈ ನೌಕರಿಯಿಂದ. ಹೀಗಾಗಿ ವಾಡಿಯ ಹಳೆಯ ಮನೆತನಗಳ ಮೂಲ ಹುಡುಕಬೇಕೆಂದರೆ ವಾಡಿಯಲ್ಲಿ ಹುಡುಕಿ ಪ್ರಯೋಜನ ಕಡಿಮೆ, ಸರ್ವಿಸ್ ಪುಸ್ತಕದ ‘ಸ್ವಂತ ಊರು’ ಕಲಮು ನೋಡಬೇಕು.

ರೈಲು ಬಂದು ಒಬ್ಬರಿಗೆ ಅನ್ನವಾಯಿತು, ಇನ್ನೊಬ್ಬರ ಅನ್ನ ಹೋಯಿತು. ಎತ್ತಿನ ಹೇರಿನ ಮೇಲೆ ಉಪ್ಪು, ಕಾಳು ಸಾಗಿಸುತ್ತಿದ್ದ ಲಂಬಾಣಿಗರ ವ್ಯಾಪಾರ ಮುರಿದುಬಿತ್ತು. ಅವರು ಚಿಂಚೋಳಿಯ ಕಾಡಂಚಿನಂಥ ಕಡೆ ತಾಂಡಾ ಕಟ್ಟಿ ನಿಂತರು. ಇತಿಹಾಸಕಾರ ಭಂಗ್ಯಾ ಭುಕ್ಯಾ ನಿಜಾಮರ ಕಾಲದ ಲಂಬಾಣಿಗರ ಬಗ್ಗೆ ಬರೆಯುತ್ತ ತೋರಿಸಿದ ಹಾಗೆ, ಸರ್ಕಾರ ಅವರತ್ತ ಹೆಚ್ಚಾಗಿ ನೋಡಿದ್ದು ಅನುಮಾನದ ಕಣ್ಣಿನಿಂದ. ತಾಂಡಾದ ಮನುಷ್ಯನ ಹೆಸರು ಕಂದಾಯದ ವಹಿಗಿಂತ ಮೊದಲು ಪೊಲೀಸರ ವಹಿಯಲ್ಲಿ ಸಿಗುವ ಸಂಭವವೇ ಹೆಚ್ಚು. ಆದರೆ ಲಂಬಾಣಿಗರಿಗೆ ತಮ್ಮದೇ ಆದ ದಾಖಲೆ ಇತ್ತು, ಅದು ಢಾಡಿಯ ಬಾಯಲ್ಲಿತ್ತು. ಗೋತ್ರ ಗೋತ್ರದ ಹಿರಿಯರನ್ನು ಹಾಡಿ ಹೇಳುವ ಈ ವಂಶಗಾಯಕರು ತಾಂಡಾದಿಂದ ತಾಂಡಾಕ್ಕೆ ತಿರುಗುತ್ತಿದ್ದರು.

ಉಳಿದವರಿಗೆ ಹೆಳವರಿದ್ದರು. ಉತ್ತರ ಕರ್ನಾಟಕದ ಒಕ್ಕಲು ಮನೆಗಳಿಗೆ ಹೆಳವರ ಪರಿಚಯ ಹೇಳಬೇಕಾಗಿಲ್ಲ. ಸುಗ್ಗಿ ಮುಗಿದ ಮೇಲೆ ಗಂಟೆ ಕಟ್ಟಿದ ಎತ್ತಿನ ಮೇಲೆ ಕೂತು ಬರುವವರು, ಈಗ ಮೋಟರ್ ಸೈಕಲ್ ಮೇಲೆ ಬರುವವರು. ಯಾವ ಊರು, ಯಾವ ಮನೆ ಯಾರ ಹಕ್ಕಿನದು ಎಂಬುದು ಅವರೊಳಗೇ ಹಂಚಿಕೆಯಾಗಿರುತ್ತದೆ, ಅಪ್ಪನ ಮನೆಗಳು ಮಗನಿಗೆ. ಬಂದು ಅಂಗಳದಲ್ಲಿ ನಿಂತು ದೊಡ್ಡ ದನಿಯಲ್ಲಿ ಆ ಮನೆಯ ಹಿರಿಯರನ್ನು ಒಬ್ಬೊಬ್ಬರಾಗಿ ಕೂಗುತ್ತಾರೆ: ಮೂಲ ಊರು ಯಾವುದು, ಮನೆದೇವರು ಯಾರು, ಬೆಡಗು ಯಾವುದು. ‘ಮೂರನೇ ತಲಿಗಿ ಎರಡು ಮನಿ ಆದವು ನೋಡ್ರಿ, ಹಿರ್ಯಾಂವ ಚಿಂಚೋಳಿ ಕಡಿ ಹೋದ’ ಎಂಬ ಧಾಟಿ. ಯಾರೂ ಮನೆಯಲ್ಲಿ ಮಾತಾಡದ ದಾಯಾದಿ ಜಗಳ ಹೀಗೆ ಬೀದಿಗೆಲ್ಲ ಕೇಳಿಸಿ, ‘ಸಾಕು ಬಿಡೋ ಮಾರಾಯಾ, ಒಳಗ ಬಾ’ ಎಂದು ಯಜಮಾನ ಕರೆಯುವುದೂ ಉಂಟು. ಆಮೇಲೆ ಹೊಸದಾಗಿ ಹುಟ್ಟಿದವರ ಹೆಸರು ಕೇಳಿ ಬರೆದುಕೊಳ್ಳುತ್ತಾರೆ, ಕಾಳು, ಬಟ್ಟೆ, ಪಾತ್ರೆ ಪಡೆದು ಹೋಗುತ್ತಾರೆ. ಹಿಂದೆ ಓಲೆಗರಿ, ತಾಮ್ರದ ತಗಡು ಇದ್ದವು. ಈಗ ಉದ್ದನೆಯ ವಹಿ.

ಸರ್ಕಾರದ ವಹಿಗೂ ಹೆಳವರ ವಹಿಗೂ ಇರುವ ವ್ಯತ್ಯಾಸ ಹುಡುಕುವವರು ಗಮನಿಸಬೇಕಾದದ್ದು. ಸೇತ್ವಾರ್ ಹೊಲದ ಹಿಂದೆ ಹೋಗುತ್ತದೆ. ಹೊಲ ಮಾರಿ ಊರು ಬಿಟ್ಟವನು ಅಲ್ಲಿಗೆ ಮಾಯ. ಹೆಳವ ಮನುಷ್ಯನ ಹಿಂದೆ ಹೋಗುತ್ತಾನೆ, ಯಾಕೆಂದರೆ ಊರು ಬಿಟ್ಟವನ ಹೊಸ ಮನೆಯೂ ಅವನಿಗೆ ಕಾಳು ಕೊಡುವ ಮನೆ. ಬರಕ್ಕೆ, ಪ್ಲೇಗಿಗೆ, ಸಾಲಕ್ಕೆ ಹೆದರಿ ಚದುರಿದ ಮನೆತನಗಳನ್ನು ಜೋಡಿಸಲು ಅವರಷ್ಟು ಉಪಯೋಗದ ದಾಖಲೆ ಮತ್ತೊಂದಿಲ್ಲ. ಹಾಗಂತ ಅವರ ಮಾತೆಲ್ಲ ಸತ್ಯವೆಂದು ನಾನು ಹೇಳಲಾರೆ. ಕೊಡುವ ಮನೆಯ ಹಿರಿಯರು ಸ್ವಲ್ಪ ಶೂರರಾಗುವುದು, ಮೂಲ ಊರು ಸ್ವಲ್ಪ ದೊಡ್ಡದಾಗುವುದು ಸಹಜ. ಹತ್ತಿರದ ನಾಲ್ಕು ತಲೆಯ ಹೆಸರು ಪಹಣಿಯ ‘ವಲ್ದ್’ ಸಾಲಿಗೆ ಕೂಡಿದರೆ ಅದರಾಚೆಯದನ್ನು ಒಂದಿಷ್ಟು ಧೈರ್ಯದಿಂದ ನಂಬಬಹುದು. ಇನ್ನೊಂದು ಕೊರತೆ ಎರಡೂ ಕಡೆ ಸಮಾನ: ಸಾಲು ಗಂಡಿನಿಂದ ಗಂಡಿಗೆ. ಎಲ್ಲ ದಲಿತರ ಮನೆಗೂ ಹೆಳವರು ಬರುತ್ತಿರಲಿಲ್ಲ ಎಂಬುದನ್ನೂ ಮರೆಯಬಾರದು.

ಹೆಣ್ಣಿನ ಹೆಸರು, ಭೂಮಿ ಇಲ್ಲದವನ ಹೆಸರು ದೊಡ್ಡ ಪ್ರಮಾಣದಲ್ಲಿ ಕಾಗದಕ್ಕೆ ಬಂದದ್ದು 1950ರ ನಂತರ, ಮೂರ್ನಾಲ್ಕು ವರ್ಷದ ಅವಧಿಯಲ್ಲಿ. 1950ರ ಹೈದರಾಬಾದ್ ಗೇಣಿ ಕಾನೂನಿನಿಂದ ರಕ್ಷಿತ ಗೇಣಿದಾರರ ಪಟ್ಟಿ ತಯಾರಾಯಿತು. ಅಲ್ಲಿಯವರೆಗೆ ಬರೀ ‘ಉಳುವವನು’ ಆಗಿದ್ದವನಿಗೆ ಅಪ್ಪನ ಹೆಸರಿನೊಂದಿಗೆ ಒಂದು ಸಾಲು ಸಿಕ್ಕಿತು. 1951–52ರ ಮೊದಲ ಚುನಾವಣೆಗೆ ಮತದಾರರ ಪಟ್ಟಿ ಬಂತು. ದೇಶದಾದ್ಯಂತ ಸುಮಾರು 28 ಲಕ್ಷ ಹೆಂಗಸರು ‘ಇಂಥವನ ಹೆಂಡತಿ’, ‘ಇಂಥವನ ತಾಯಿ’ ಎಂದಷ್ಟೇ ಬರೆಸಿ ಸ್ವಂತ ಹೆಸರು ಹೇಳದ್ದರಿಂದ ಪಟ್ಟಿಯಿಂದ ಬಿಟ್ಟುಹೋದದ್ದು ಆಗಲೇ.

ಶಹಾಬಾದಿನಲ್ಲಿ ಇನ್ನೊಂದು ದಾರಿ ತೆರೆಯಿತು. ಅಲ್ಲಿನ ಫರ್ಸಿ ಕಲ್ಲಿನ ಖಣಿಗಳಲ್ಲಿ ದುಡಿದವರ ಲೆಕ್ಕ ಇಟ್ಟವರು ಕಡಿಮೆ. ಆದರೆ ನಿಜಾಮರ ಕಾಲದಲ್ಲೇ ಶುರುವಾಗಿ 1936ರಲ್ಲಿ ಎಸಿಸಿಯೊಳಗೆ ಸೇರಿದ ಸಿಮೆಂಟ್ ಕಾರ್ಖಾನೆಯಲ್ಲಿ ಹಾಜರಿ, ಪಗಾರ, ಸರ್ವಿಸ್ ಎಲ್ಲಕ್ಕೂ ವಹಿ. 1952ರ ಭವಿಷ್ಯ ನಿಧಿ ಕಾನೂನು ಮೊದಲು ಜಾರಿಯಾದದ್ದು ಆರೇ ಉದ್ಯಮಗಳಿಗೆ, ಸಿಮೆಂಟು ಅದರಲ್ಲೊಂದು. ಪಿ.ಎಫ್. ನಾಮಿನಿ ಫಾರಂ ಒಂದು ಪ್ರಶ್ನೆ ಕೇಳಿತು: ನೀನು ಸತ್ತರೆ ದುಡ್ಡು ಯಾರಿಗೆ? ಕಾರ್ಮಿಕ ಹೆಂಡತಿಯ ಹೆಸರು, ಸಂಬಂಧ, ವಯಸ್ಸು ಬರೆಸಿ ಹೆಬ್ಬೆಟ್ಟು ಒತ್ತಿದ. ಗಂಡನ ಹೆಸರು ಬಾಯಲ್ಲಿ ಹೇಳದ, ತನ್ನ ಹೆಸರು ಯಾರೂ ಕೇಳದ ಒಬ್ಬ ಹೆಂಗಸಿನ ಮಟ್ಟಿಗೆ ಅನೇಕ ಮನೆಗಳಲ್ಲಿ ಇದೇ ಮೊದಲ ಲಿಖಿತ ಗುರುತು.

1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾಗಿ ಕಲಬುರಗಿ ಮೈಸೂರು ರಾಜ್ಯಕ್ಕೆ ಬಂತು. ಅದೇ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಸೇಡಂ, ಚಿಂಚೋಳಿಯವರ ಬೀಗತನ ಗಡಿ ನೋಡಿ ನಡೆದದ್ದಲ್ಲ. ಹಾಗಾಗಿ ಮುತ್ಯಾನ ಅವ್ವನ ತವರು ಹುಡುಕಿದರೆ ದಾರಿ ಬಹಳ ಸಲ ಅತ್ತ ತಿರುಗುತ್ತದೆ. ಸಂಸ್ಥಾನದ ಮೇಲ್ಮಟ್ಟದ ಹಳೆಯ ಕಡತಗಳು ಹೈದರಾಬಾದಿನ ತಾರ್ನಾಕಾದಲ್ಲಿರುವ ಪತ್ರಾಗಾರದಲ್ಲಿವೆ. ಅವುಗಳ ಬೆಲೆ ಏನೆಂದು ಈಚೆಗೆ ಎಲ್ಲರಿಗಿಂತ ಚೆನ್ನಾಗಿ ಅರಿತವರು ಮರಾಠವಾಡದವರು. ಮರಾಠಾ ಮೀಸಲಾತಿಗಾಗಿ ‘ಕುಣಬಿ’ ಎಂಬ ನಮೂದು ಹುಡುಕಲು ಮಹಾರಾಷ್ಟ್ರ ಸರ್ಕಾರ 2023ರಲ್ಲಿ ನಿವೃತ್ತ ನ್ಯಾಯಮೂರ್ತಿ ಸಂದೀಪ್ ಶಿಂದೆ ಸಮಿತಿಯನ್ನು ನೇಮಿಸಿ, ನಿಜಾಮರ ಕಾಲದ ಉರ್ದು, ಮೋಡಿ ಕಾಗದಗಳನ್ನು ಕೆದಕಿಸಿತು. ಒಂದು ಸಮುದಾಯದ ರಾಜಕೀಯವೇ ಮುತ್ತಜ್ಜಂದಿರ ಹೆಸರಿನ ಮುಂದಿನ ಒಂದು ಪದದ ಮೇಲೆ ನಿಂತ ಪ್ರಸಂಗ ಅದು.

ನಮ್ಮ ಕಡೆಯವರು ಅಷ್ಟು ದೂರ ಹೋಗುವ ಮೊದಲು ತಹಸೀಲಿನ ರೆಕಾರ್ಡ್ ರೂಮಿನಲ್ಲೇ ಕೇಳಬೇಕಾದ ಒಂದು ಕಟ್ಟು ಇದೆ, ಮತ್ತು ಅದನ್ನು ಯಾರೂ ಕೇಳುವುದಿಲ್ಲ. 1974ರ ಭೂಸುಧಾರಣೆ ಬಂದಾಗ ಗೇಣಿದಾರರು ಹಾಕಿದ ಫಾರಂ ನಂಬರ್ 7, ಅದರ ಮೇಲೆ ನಡೆದ ಭೂ ನ್ಯಾಯಮಂಡಳಿಯ ವಿಚಾರಣೆಯ ಕಡತಗಳು. ಉಳುವವನು, ಒಡೆಯ, ಪಕ್ಕದ ಹೊಲದವರು ಎಲ್ಲರ ಹೇಳಿಕೆ ಅಲ್ಲಿರುತ್ತದೆ. ಯಾವಾಗಿನಿಂದ ಉಳುತ್ತಿದ್ದೀರಿ, ಅದಕ್ಕೂ ಮೊದಲು ಯಾರು ಉಳುತ್ತಿದ್ದರು, ಪಾಲು ಎಷ್ಟು ಕೊಡುತ್ತಿದ್ದಿರಿ ಎಂದು ಕೇಳಿದ ಪ್ರಶ್ನೆಗಳಿಗೆ ಅಪ್ಪ, ಮುತ್ಯಾ, ಚಿಕ್ಕಪ್ಪಂದಿರ ಹೆಸರು ಹಿಡಿದು ಕೊಟ್ಟ ಉತ್ತರಗಳು. ಬರವಣಿಗೆ ಕನ್ನಡ. ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಭೂ ಸುರಕ್ಷಾ ಯೋಜನೆಯಲ್ಲಿ ಈಗ ಸ್ಕ್ಯಾನ್ ಮಾಡುತ್ತಿದ್ದಾರೆ. ಹೋಗುವಾಗ ಊರಿನ ಹೆಸರಿನೊಂದಿಗೆ ಹಳೆಯ ಸರ್ವೆ ನಂಬರೂ ಬರೆದುಕೊಂಡು ಹೋಗಿ. ಬರೀ ಸಿದ್ದಪ್ಪ ಎಂದು ಕೇಳಿದರೆ ಗುಮಾಸ್ತ ಯಾವ ಸಿದ್ದಪ್ಪ ಅನ್ನುತ್ತಾನೆ.